ಐಸ್ ಸಿಗದ ದಿನದ ಗಾಳಿ

ಕೂದಲಿಗೆ ಬಣ್ಣ ಹಾಕಿಸಿಕೊಳ್ಳಲು ಹೋದವಳು ಅರ್ಧದಲ್ಲೇ ಎದ್ದು ಓಡಿಬಂದಿದ್ದೇನೆ. ಪಾರ್ಲರಿನ ಹುಡುಗಿ ಹೊಸ ಟ್ಯೂಬು ಒತ್ತಿದಳು, ಆ ವಾಸನೆ ಬಂತು, ಮರುಕ್ಷಣ ನಾನು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ರಸ್ತೆಯಲ್ಲಿದ್ದೆ. ತಲೆಯ ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬಿಳಿ. ಮನೆಗೆ ಕರೆತಂದ ಆಟೋದವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಈ ಹೆಂಗಸು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದಾಳೆ, ಕಾಲೇಜಿನ ಲ್ಯಾಬಿನಲ್ಲಿ ಅದೇ ವಾಸನೆಯ ಸೀಸೆಗಳನ್ನು ಜೋಡಿಸಿಡುವ ಕೆಲಸದಲ್ಲಿದ್ದಳು ಎಂದು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಲ್ಯಾಬಿನ ಕೆಲಸವನ್ನು ನಾನು ಬಿಟ್ಟಿದ್ದೂ ಆ ವಾಸನೆಯಿಂದಲೇ. ತೊಂಬತ್ತರ ದಶಕದ ಕೊನೆಯ ಒಂದು ಆಯುಧಪೂಜೆಯ ನಂತರ.

ಆಗ ನಮ್ಮ ಮನೆ ಬನ್ನಿಮಂಟಪದಲ್ಲಿತ್ತು. ಪಂಜಿನ ಕವಾಯತು ನಡೆಯುವ ಮೈದಾನಕ್ಕೆ ನಡೆದೇ ಹೋಗಬಹುದಾದಷ್ಟು ದೂರ. ಎರಡು ರಸ್ತೆ ಆಚೆಗೆ ಒಂದು ಐಸ್ ಫ್ಯಾಕ್ಟರಿ. ಬೆಳಿಗ್ಗೆ ಹೊತ್ತು ಅದರ ಮುಂದೆ ಹೊಟ್ಟಿನಲ್ಲಿ ಸುತ್ತಿದ ಐಸ್ ಗಡ್ಡೆಗಳನ್ನು ಗಾಡಿಗೆ ಏರಿಸುತ್ತಿದ್ದರು. ಮನೆಯಲ್ಲಿ ಅಪ್ಪ, ಅಮ್ಮ, ನಾನು. ಅಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹಣೆಯ ವಿಭೂತಿ ಎಷ್ಟು ನೇರವಾಗಿರುತ್ತಿತ್ತೆಂದರೆ ಸ್ಕೇಲು ಇಟ್ಟು ಎಳೆದಂತೆ.

ಒಂದು ದಿನ ಗಾಳಿಯ ಮಾಲಿನ್ಯ ಅಳೆಯುವ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು, ಯಂತ್ರವೊಂದನ್ನು ಇಡಲು ನಮ್ಮ ಮನೆಯ ಟೆರೇಸು ಸರಿಯಾದ ಎತ್ತರದಲ್ಲಿದೆ, ಕೊಡುತ್ತೀರಾ ಎಂದು ಕೇಳಿದರು. ಅಪ್ಪನ ಜೀವನದಲ್ಲಿ ಟೆರೇಸಿಗೆ ಯಾರೂ ಅಷ್ಟು ಗೌರವ ಕೊಟ್ಟಿರಲಿಲ್ಲ. ವಾರ ಕಳೆಯುವುದರೊಳಗೆ ಯಂತ್ರ ಬಂತು. ಆಳೆತ್ತರದ ತಗಡಿನ ಪೆಟ್ಟಿಗೆ, ನೆತ್ತಿಯ ಮೇಲೆ ಎರಡೂ ಕಡೆ ಇಳಿಜಾರಾದ ಮಾಡು. ನೋಡಲು ಪುಟ್ಟ ಗುಡಿಯ ಹಾಗೆಯೇ ಇತ್ತು. ಚಾಲೂ ಮಾಡಿದರೆ ಗುಂಯ್ ಎಂದು ಗಾಳಿಯನ್ನು ಒಳಗೆ ಎಳೆದುಕೊಂಡು, ಒಂದು ಬಿಳಿ ಕಾಗದದ ಮೂಲಕ ಸೋಸಿ ಹೊರಗೆ ಬಿಡುತ್ತಿತ್ತು.

ಅದನ್ನು ನೋಡಿಕೊಳ್ಳಲು ನಂಜನಗೂಡಿನ ಕಡೆಯ ಒಬ್ಬ ಟೆಕ್ನಿಷಿಯನ್ ಸೈಕಲ್ಲಿನಲ್ಲಿ ಬರುತ್ತಿದ್ದ. ನಡುವಯಸ್ಸಿನವನು, ಮಾತುಗಾರ, ಯಂತ್ರದ ಮೇಲೆ ಹೆತ್ತ ತಂದೆಯ ಪ್ರೀತಿ. ಧೂಳಿಗೆ ಕಾಗದ, ಅನಿಲಕ್ಕೆ ಗಾಜಿನ ಕೊಳವೆಗಳು. ಕೊಳವೆಗಳಲ್ಲಿ ಏನೋ ದ್ರಾವಣ ತುಂಬಿ ಗಾಳಿಯನ್ನು ಅದರೊಳಗೆ ಗುಳುಗುಳು ಎನ್ನಿಸಬೇಕು, ಅಷ್ಟು ಹೊತ್ತೂ ಅವು ಐಸಿನ ನಡುವೆ ತಣ್ಣಗಿರಬೇಕು. ಐಸ್ ಇಲ್ಲದಿದ್ದರೆ ಅನಿಲದ ಲೆಕ್ಕ ಕೆಡುತ್ತದೆ. ಆ ಐಸನ್ನು ಅವನು ಎರಡು ರಸ್ತೆ ಆಚೆಯ ಫ್ಯಾಕ್ಟರಿಯಿಂದಲೇ ಥರ್ಮಾಕೋಲ್ ಡಬ್ಬಿಯಲ್ಲಿ ತರುತ್ತಿದ್ದ. ಐಸ್ ಮಾಡುವುದಕ್ಕೆ ಬೇಕಾದ್ದು ಅಮೋನಿಯಾ. ನಮ್ಮ ಕೊಳವೆಗಳಲ್ಲಿ ಒಂದು ಇದ್ದದ್ದು ಅಮೋನಿಯಾ ಅಳೆಯಲಿಕ್ಕೆ. ಇದರಲ್ಲಿ ಏನೋ ಒಂದು ಎಡವಟ್ಟು ಇದೆ ಎಂದು ನನಗೂ ಹೊಳೆದಿರಲಿಲ್ಲ, ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಪ್ಪ ಪ್ರತಿಸಲವೂ ಕೇಳುವರು. “ಎಷ್ಟು ಬಂತಪ್ಪ ಈ ಸಲ?”

“ಅದ್ ಏಳಂಗಿಲ್ಲ ಯಜಮಾನ್ರೆ. ಆಫೀಸ್‌ಗೋಗಿ, ಅಲ್ಲಿಂದ ಬೆಂಗ್ಳೂರ್‌ಗೋಗ್ತದೆ.”

“ನಮ್ಮನೆ ಗಾಳಿ ಕಣಯ್ಯ.”

“ಅದ್ಕೇ ಏಳಂಗಿಲ್ಲ ಅಂದಿದ್ದು. ನಿಮ್ಗೆ ಏಳುದ್ರೆ ಪಕ್ಕದ ಮನೇವ್ರು ಕೇಳ್ತಾರೆ.”

ಹಾಗಾಗಿ ಅಪ್ಪ ಅವನು ಬಿಚ್ಚಿ ತೆಗೆಯುವ ಕಾಗದದ ಬಣ್ಣ ನೋಡಿಯೇ ಅಂದಾಜು ಮಾಡುತ್ತಿದ್ದರು. ಬಿಳಿಯಾಗಿ ಹೋದದ್ದು ಬೂದಿ ಬಣ್ಣಕ್ಕೆ ತಿರುಗಿ ಬರುತ್ತಿತ್ತು. ಅಮ್ಮ ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, “ನಮ್ಮ ಕಾಫಿ ಸೋಸೋ ಬಟ್ಟೆ ಇದಕ್ಕಿಂತ ವಾಸಿ” ಎಂದಿದ್ದರು. ಬೀದಿಯವರಿಗಂತೂ ಯಂತ್ರ ಗಾಳಿಯನ್ನು ಶುದ್ಧ ಮಾಡುತ್ತದೆಂದೇ ನಂಬಿಕೆ. ಎದುರು ಮನೆಯ ಗೂರಲು ರೋಗದ ಮುದುಕರೊಬ್ಬರು ಸಂಜೆ ಹೊತ್ತು ನಮ್ಮ ಟೆರೇಸಿಗೆ ಬಂದು, ಅದರ ಪಕ್ಕ ಕುರ್ಚಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಉಸಿರು ಎಳೆಯುತ್ತಿದ್ದರು. ಬರೀ ಅಳೆಯುತ್ತದೆ, ತೊಳೆಯುವುದಿಲ್ಲ ಎಂದು ನಾನು ವಿವರಿಸಿದೆ. ಅವರು ಕಣ್ಣು ತೆರೆಯದೆಯೇ, “ಅಳೆದಾದ್ರೂ ಬಿಡ್ತದಲ್ಲ ತಾಯಿ” ಎಂದರು.

ಆ ವರ್ಷ ದಸರಾಕ್ಕೆ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಮಗು, ಇನ್ನೂ ತಿಂಗಳು ತುಂಬಿರಲಿಲ್ಲ. ಮೊಮ್ಮಗಳು ಬಂದ ಖುಷಿಯಲ್ಲಿ ಅಪ್ಪ ಆಯುಧಪೂಜೆಯನ್ನು ಎಂದಿಗಿಂತ ಜೋರಾಗಿ ಮಾಡಬೇಕೆಂದಿದ್ದರು. ತಮ್ಮ ಹಳೆಯ ಸ್ಪ್ಯಾನರುಗಳು, ಸ್ಕೂಟರು, ಅಮ್ಮನ ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲ ತೊಳೆದು ಸಾಲಾಗಿ ಇಟ್ಟಾಗಿತ್ತು. ಬೆಳಿಗ್ಗೆ ಟೆಕ್ನಿಷಿಯನ್ ಬಂದ. ಸರ್ಕಾರಿ ರಜೆ. ಆದರೆ ತನ್ನ ಯಂತ್ರಕ್ಕೆ ಪೂಜೆಯಿಲ್ಲದೆ ಆ ದಿನ ಕಳೆಯುವುದು ಅವನಿಗೆ ಸಾಧ್ಯವಿರಲಿಲ್ಲ.

ಟೆರೇಸಿನಲ್ಲಿ ಇಬ್ಬರೂ ಸೇರಿ ಅದನ್ನು ಮದುಮಗನ ಹಾಗೆ ಸಿಂಗರಿಸಿದರು. ನಾಲ್ಕು ಕಾಲಿಗೂ ಬಾಳೆಕಂದು. ಬಾಗಿಲಿಗೆ ಅಡ್ಡಲಾಗಿ ದಪ್ಪನೆಯ ಚೆಂಡುಹೂವಿನ ಹಾರ. ಒತ್ತಡ ತೋರಿಸುವ ಗಾಜಿನ ಮೇಲೆ ಅಪ್ಪ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮವಿಟ್ಟರು. ಮುಳ್ಳು ಕಾಣದಾಯಿತು.

“ಮೋಟ್ರು ಶುರು ಮಾಡ್ಲಾ ಯಜಮಾನ್ರೆ? ದಿನದ ಲೆಕ್ಕ ಬೇರೆ ಕಳಿಸ್ಬೇಕು ಇವತ್ತು.”

“ಶಾಸ್ತ್ರಕ್ಕೆ ಒಂದ್ ಗಳಿಗೆ ಓಡಿಸು. ಆಮೇಲೆ ನಿಲ್ಲಿಸಿಬಿಡು, ಪಾಪ, ಅದೂ ವಿಶ್ರಾಂತಿ ತಗೊಳ್ಲಿ.”

ಮೋಟಾರು ಗುಂಯ್ ಎಂದಿತು. ಅಮ್ಮ ಕೆಂಡದ ಮೇಲೆ ಹಿಡಿ ತುಂಬ ಸಾಂಬ್ರಾಣಿ ಸುರಿದು ಯಂತ್ರದ ಮೂತಿಗೇ ಹಿಡಿದರು. ಬೇರೆ ದೇವರುಗಳಿಗೆ ಧೂಪ ಹಾಕಿದರೆ ಹೊಗೆ ಅತ್ತಿತ್ತ ಹೋಗುತ್ತದೆ. ಇಲ್ಲಿ ಒಂದೆಳೆಯೂ ಚೆದುರದೆ ಸರ್ರನೆ ಒಳಗೆ ಹೋಯಿತು. ಅಮ್ಮನ ಕಣ್ಣಲ್ಲಿ ನೀರು ಬಂತು.

“ನೋಡ್ರೀ, ನೋಡ್ರೀ, ಹೆಂಗೆ ಎಳ್ಕೊಳ್ತಿದೆ! ಯಾವ ದೇವ್ರೂ ಹಿಂಗೆ ತಗೊಂಡಿದ್ದು ನಾನು ಕಂಡಿಲ್ಲ.”

ಕರ್ಪೂರವನ್ನೂ ಅದಕ್ಕೇ ತೋರಿಸಿದರು. ನಂತರ ಟೆಕ್ನಿಷಿಯನ್ ಸ್ವಿಚ್ಚು ಆರಿಸಿದ. “ಊಟ ಮಾಡ್ಕಂಡು, ಫ್ಯಾಕ್ಟ್ರಿಲಿ ಐಸ್ ಇಸ್ಕಂಡು ಬಂದು, ಮಧ್ಯಾನ ಗ್ಯಾಸ್ ಕೊಳ್ವೆ ಇಟ್ಬುಡ್ತೀನಿ” ಎಂದು ಹೇಳಿ, ಖಾಲಿ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ.

ಐಸ್ ಫ್ಯಾಕ್ಟರಿಯಲ್ಲೂ ಪೂಜೆ. ಅಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಆಮೇಲೆ ಹೇಳಿದ ಪ್ರಕಾರ, ಕಂಪ್ರೆಸರಿನ ದೊಡ್ಡ ಚಕ್ರಕ್ಕೆ ನಾರಿನ ಹಗ್ಗದಲ್ಲಿ ಕಟ್ಟಿದ ಹಾರ ಹಾಕಿದ್ದರು. ಮಂಗಳಾರತಿ ಆಯಿತು, ಬೂದುಗುಂಬಳ ಒಡೆದರು, ಶಾಸ್ತ್ರಕ್ಕೆ ಒಂದು ಗಳಿಗೆ ಓಡಿಸಿ ಎಂದು ಅಲ್ಲೂ ಯಾರೋ ಹಿರಿಯರು ಹೇಳಿದರು. ಚಕ್ರ ತಿರುಗಿತು, ಹಾರ ಬೆಲ್ಟಿಗೆ ಸಿಕ್ಕಿತು, ಬೆಲ್ಟು ಕಿತ್ತು ಹಾರಿ ಪೈಪಿಗೆ ಬಡಿಯಿತು.

ನಾನು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದೆ. ಮೊದಲು ಬಂದದ್ದು ವಾಸನೆಯಲ್ಲ, ಕಣ್ಣುರಿ. ಹೊಗೆಯಿರಬೇಕೆಂದು ಕಿಟಕಿ ತೆರೆದೆ. ರಸ್ತೆಯ ಆ ತುದಿಯಿಂದ ಬೆಳ್ಳಗಿನ ಮಂಜು ನೆಲ ಹಿಡಿದು ಬರುತ್ತಿತ್ತು, ನಿಧಾನವಾಗಿ, ಮೆರವಣಿಗೆಯ ಹಾಗೆ. ಅದರ ಮುಂದೆ ಬಾಳೆಕಂದು ಕಟ್ಟಿದ್ದ ಒಂದು ಆಟೋ ಚಾಲಕನಿಲ್ಲದೆ ಅಡ್ಡ ನಿಂತಿತ್ತು. ಆಮೇಲೆ ವಾಸನೆ ಬಂತು. ಲ್ಯಾಬಿನಲ್ಲಿ ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿ, ಕೈಯಲ್ಲಿ ಬೀಸಿಕೊಂಡು ಮೂಸಿ ನೋಡಬೇಕೆಂದು ಹುಡುಗರಿಗೆ ಕಲಿಸುತ್ತಿದ್ದ ಅದೇ ವಾಸನೆ, ಒಂದು ಬೀದಿಯಷ್ಟು.

ಅಕ್ಕನ ಕೋಣೆಗೆ ಓಡಿ ಮಗುವನ್ನು ಎತ್ತಿಕೊಂಡೆ. ಸೆರಗನ್ನು ನೀರಿನಲ್ಲಿ ಅದ್ದಿ ಅದರ ಮುಖದ ಮೇಲೆ ಹಿಡಿದೆ. ಅಕ್ಕ ಬಾಗಿಲವರೆಗೆ ಬಂದಿದ್ದಳು. ಅಲ್ಲಿ ಅಮ್ಮ ಅಡ್ಡ ನಿಂತರು.

“ಕಿವಿಗೆ ಹತ್ತಿ ಇಟ್ಕೊಳೇ! ಹಸಿ ಬಾಣಂತಿ, ಗಾಳಿ ತಗಲತ್ತೆ!”

“ಅಮ್ಮಾ, ಓಡ್ತಿರೋದೇ ಗಾಳಿಯಿಂದ!”

“ಅದು ಬೇರೆ ಗಾಳಿ, ಇದು ಬೇರೆ ಗಾಳಿ. ತಲೆಗೆ ಕಟ್ಟು ಮೊದ್ಲು!”

ಅಕ್ಕನ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫು ಕಟ್ಟಿ, ಗಂಟು ಸರಿಯಾಯಿತೇ ಎಂದು ನೋಡಿ, ಕೆಮ್ಮುತ್ತಲೇ ಅಮ್ಮ ನಮ್ಮನ್ನು ಹೊರಗೆ ಬಿಟ್ಟರು. ಅಪ್ಪ ಕಾಣಲಿಲ್ಲ. ಕೂಗಿದೆ. ಟೆರೇಸಿನ ಮೆಟ್ಟಿಲು ಇಳಿದು ಬಂದರು, ಕಣ್ಣು ಕೆಂಡವಾಗಿತ್ತು.

“ಅಳೆಯೋಣ ಅಂತ ಹೋಗಿದ್ದೆ ಕಣಮ್ಮ. ಹಾರ ತೆಗೀದೆ ಅದರ ಬಾಗ್ಲು ತೆರೆಯಲ್ಲ. ಇವತ್ತು ಹಾರ ತೆಗಿಯೋ ಹಾಗಿಲ್ಲ.”

ನಮ್ಮ ತಲೆಯ ಮೇಲೆ, ಈ ಗಾಳಿಯನ್ನೇ ಅಳೆಯಲೆಂದು ಸರ್ಕಾರ ಇಟ್ಟಿದ್ದ ಯಂತ್ರ ಹೂವು ಮುಡಿದುಕೊಂಡು ವಿಶ್ರಾಂತಿ ಪಡೆಯುತ್ತಿತ್ತು.

ಗೇಟಿನ ಹೊರಗೆ ಎಡಕ್ಕೋ ಬಲಕ್ಕೋ ಎಂದು ನಾನು ನಿಂತ ಆ ಒಂದು ಕ್ಷಣವನ್ನು ಎಷ್ಟು ಸಲ ಮತ್ತೆ ನಡೆಸಿ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಅನ್ನಕ್ಕೆ ಎಸರು ಕುದಿಯುವಾಗ, ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗ ಕೂಡ ನಾನು ಆ ಗೇಟಿನಲ್ಲಿ ನಿಂತಿರುತ್ತೇನೆ. ಕೆಲವು ಸಲ ಎಡಕ್ಕೆ ಹೋಗುತ್ತೇನೆ. ಎಡಕ್ಕೆ ಹೋದ ಸಲ ಮಗು ಉಳಿಯುವುದಿಲ್ಲ. ನಿಜದಲ್ಲಿ ಬಲಕ್ಕೆ ತಿರುಗಿದೆ, ಮೈದಾನದ ಕಡೆಗೆ. ಯೋಚಿಸಿ ಅಲ್ಲ. ಬಲಗಡೆ ರಸ್ತೆ ಕಾಣುತ್ತಿತ್ತು, ಅಷ್ಟೆ.

ಅರ್ಧ ದಾರಿಯಲ್ಲಿ ಟೆಕ್ನಿಷಿಯನ್ ನಮ್ಮನ್ನು ಹಿಂದೆ ಹಾಕಿ ಓಡಿದ. ಸೈಕಲ್ಲು ಎಲ್ಲೋ ಬಿದ್ದಿತ್ತು. ಖಾಲಿ ಡಬ್ಬಿಯನ್ನು ಮಾತ್ರ ಕಂಕುಳಲ್ಲಿ ಬಿಗಿಯಾಗಿ ಹಿಡಿದಿದ್ದ. ಅಪ್ಪನನ್ನು ಕಂಡವನು ಓಡುತ್ತಲೇ ಹಿಂತಿರುಗಿ ಕೂಗಿದ:

“ಓಡಿ ಯಜಮಾನ್ರೆ, ಓಡಿ! ಐಸ್ ಸಿಗ್ಲಿಲ್ಲ! ಇವತ್ ಗ್ಯಾಸ್ ಇಡಕಾಗಲ್ಲ!”

ಮೈದಾನದ ಬೇಲಿಯೊಳಗೆ ಮರುದಿನದ ಕವಾಯತಿಗೆ ಅಭ್ಯಾಸ ನಡೆಯುತ್ತಿತ್ತು. ಕುದುರೆಗಳು ಸಾಲಾಗಿ ನಿಂತಿದ್ದವು. ಗೇಟಿನಲ್ಲಿ ಕಾವಲಿಗಿದ್ದ ಒಬ್ಬನು ಕೈ ಅಡ್ಡ ಹಿಡಿದ.

“ಪಾಸ್ ತೋರ್ಸಿ.”

“ಗ್ಯಾಸ್ ಸೋರ್ತಿದೆ ಅಣ್ಣ, ಮಗು ಇದೆ, ಬಿಡಿ!”

“ಮಗೂಗೂ ಪಾಸ್ ಬೇಕು ಕಣಮ್ಮ. ಪಾಸ್ ಇಲ್ದೆ ಯಾರ್ನೂ ಬುಡ್ಬೇಡ ಅಂದವ್ರೆ. ನಾಳೆ ಬನ್ನಿ, ನಾಳೆ ಚೆನ್ನಾಗಿರ್ತದೆ.”

ಅಷ್ಟು ಹೊತ್ತಿಗೆ ಗಾಳಿ ಅವನಿಗೂ ತಾಗಿತು. ಮೂಗು ಅರಳಿತು. ಕಣ್ಣು ಉಜ್ಜಿಕೊಂಡ. ಗೇಟನ್ನು ಹಾರು ಹೊಡೆದು ತೆರೆದು, ನಮಗಿಂತ ಮುಂದಾಗಿ ಕುದುರೆಗಳ ಕಡೆಗೆ ಓಡಿದ.

ಇಡೀ ದಾರಿ ಅಳುತ್ತಿದ್ದ ಮಗು ಮೈದಾನದ ನಡುವೆ ಅಳು ನಿಲ್ಲಿಸಿತು. ಅಳು ನಿಂತದ್ದಕ್ಕೆ ಅಮ್ಮ “ಸದ್ಯ” ಎಂದರು. ನಾನು ಸೆರಗು ಸರಿಸಿ ನೋಡಿದೆ. ತುಟಿ ನೀಲಿಯಾಗಿತ್ತು.

ಆಸ್ಪತ್ರೆಗೆ ನಮ್ಮನ್ನು ಯಾರು ಕರೆದೊಯ್ದರೋ ನನಗೆ ಗೊತ್ತಿಲ್ಲ. ಜೀಪಿಗೂ ಹಾರ ಹಾಕಿತ್ತು ಎಂಬುದಷ್ಟೇ ನೆನಪು. ಮಕ್ಕಳ ಡಾಕ್ಟರು ಹಿರಿಯರು, ಹಬ್ಬದ ಊಟ ಬಿಟ್ಟು ಬಂದಿದ್ದರು. ಮಗುವನ್ನು ಆಕ್ಸಿಜನ್ನಿನಲ್ಲಿ ಇಟ್ಟರು. ಸಂಜೆಗೆ ಬಣ್ಣ ತಿರುಗಿತು. ಬದುಕಿತು.

ಆಮೇಲೆ ನನ್ನನ್ನು ಕರೆದು ಕೇಳಿದರು. “ಯಾವ ಗ್ಯಾಸು?”

“ಅಮೋನಿಯಾ ಸಾರ್.”

“ಯಾರು ಹೇಳಿದ್ದು?”

“ನನಗೆ ವಾಸನೆ ಗೊತ್ತು. ಕೆಮಿಸ್ಟ್ರಿ ಓದಿದ್ದೀನಿ.”

“ನಿಮ್ಮ ಮೂಗನ್ನ ಕೇಸ್ ಶೀಟ್‌ನಲ್ಲಿ ಬರಿಯೋಕಾಗಲ್ಲ ಕಣಮ್ಮ.” ಬೈಗುಳವಲ್ಲ ಅದು, ನಿಜವಾಗಿಯೂ ಪೇಚಿನಲ್ಲಿದ್ದರು. ಬರೀ ಹೊಗೆಯಾದರೆ ಎಳೆಯ ಶ್ವಾಸಕೋಶ ಸ್ವಲ್ಪ ದಿನದಲ್ಲಿ ತಾನೇ ಸರಿಹೋಗುತ್ತದೆ, ಅಮೋನಿಯಾ ಆದರೆ ಒಳಗೆ ಸುಟ್ಟಿರುತ್ತದೆ, ಆ ಗಾಯ ಮಗುವಿನ ಜೊತೆಗೇ ಬೆಳೆಯಬಹುದು, ಮುಂದೆ ಯಾವ ಡಾಕ್ಟರು ನೋಡಿದರೂ ಅದು ಗೊತ್ತಿರಬೇಕು ಎಂದು ಬಿಡಿಸಿ ಹೇಳಿದರು. ನನ್ನೆದುರಿಗೇ ಫ್ಯಾಕ್ಟರಿಗೆ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು: “ನಮ್ಮಲ್ಲೇನೂ ಆಗಿಲ್ಲ ಡಾಕ್ಟ್ರೇ, ಪೂಜೆ ನಡೀತಾ ಇದೆ. ಸಾಂಬ್ರಾಣಿ ಒಂಚೂರು ಜಾಸ್ತಿ ಆಯ್ತು.” ಹಾಗೆ ಹೇಳುವಾಗ ಆ ಮನುಷ್ಯ ಕೆಮ್ಮುತ್ತಿದ್ದ.

ಡಾಕ್ಟರು ‘ಹಬ್ಬದ ಹೊಗೆ’ ಎಂದು ಬರೆದರು. “ಸರ್ಕಾರದ ಕಡೆಯಿಂದ ಗ್ಯಾಸ್ ಅಂತ ಒಂದು ಕಾಗದ ತನ್ನಿ. ಇದನ್ನ ಹೊಡೆದುಹಾಕಿ ಅದನ್ನ ಬರೀತೀನಿ.”

ಮರುವಾರ ಅಪ್ಪನೂ ನಾನೂ ಕಚೇರಿಗೆ ಹೋದೆವು. ಟೆರೇಸು ಕೇಳಲು ಬಂದಿದ್ದ ಅದೇ ಅಧಿಕಾರಿ, ಕಾಫಿ ತರಿಸಿದರು.

“ಆ ದಿನದ ಅಂಕಿ ಬೇಕಿತ್ತು” ಎಂದರು ಅಪ್ಪ.

“ಅದು ಸಾರ್ವಜನಿಕರಿಗೆ ಕೊಡೋದಲ್ಲ ಸ್ವಾಮಿ. ಜನ ಗಾಬರಿ ಆಗ್ತಾರೆ.”

“ಜನ ಗಾಬರಿ ಆಗಿ ಓಡಿದ್ದಾಯ್ತಲ್ಲ. ಈಗ ಯಾಕೆ ಓಡಿದ್ವಿ ಅಂತ ತಿಳ್ಕೊಬೇಕು.”

“ಓಡಿದ್ದಕ್ಕೂ ಅಂಕಿಗೂ ಸಂಬಂಧ ಇರ್ಲೇಬೇಕು ಅಂತಿಲ್ಲ.”

“ನಮ್ಮನೆ ಮೇಲಿನ ಗಾಳಿ ಅದು.”

“ಗಾಳಿ ನಿಮ್ಮದೇ ಯಜಮಾನ್ರೆ, ಯಾರು ಬೇಡ ಅಂದ್ರು? ಅಂಕಿ ಮಾತ್ರ ನಮ್ಮದು.” ಅವರು ನಗುನಗುತ್ತಲೇ ಬೀಳ್ಕೊಟ್ಟರು. ಅಪ್ಪ ಮೆಟ್ಟಿಲು ಇಳಿಯುತ್ತಾ, “ಕಾಫಿ ಚೆನ್ನಾಗಿತ್ತು” ಎಂದರು.

ಕೆಲವು ತಿಂಗಳ ಮೇಲೆ ಕಚೇರಿಯಿಂದ ಇಬ್ಬರು ಹೆಂಗಸರು ನಮ್ಮ ಬೀದಿಗೆ ತಿಳಿವಳಿಕೆ ಕೊಡಲು ಬಂದರು. ಎದುರು ಮನೆಯ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ, ಇಡೀ ವರ್ಷದಲ್ಲಿ ಈ ಬಡಾವಣೆಯ ಗಾಳಿ ಅತ್ಯಂತ ಕೆಟ್ಟಿದ್ದು ಆಯುಧಪೂಜೆಯ ದಿನ, ಕಾರಣ ಮನೆಮನೆಗಳ ಸಾಂಬ್ರಾಣಿ, ಗೃಹಿಣಿಯರು ಧೂಪ ಕಡಿಮೆ ಮಾಡಬೇಕು ಎಂದು ಹೇಳಿದರು. ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಬೆಳಿಗ್ಗೆ ಅದು ಕುಡಿದದ್ದು ಅಮ್ಮನ ಸಾಂಬ್ರಾಣಿಯನ್ನು ಮಾತ್ರ. ಅಮ್ಮ ಎದ್ದು ನಿಂತು, “ಅದು ಮನೆಮನೆಯದ್ದಲ್ಲ, ನಾನೊಬ್ಳೇ ಹಾಕಿದ್ದು” ಎಂದು ಒಪ್ಪಿಸಲು ನೋಡಿದರು. ಬಂದವರು ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿಸಿದರು.

ಆದರೆ ಹಬ್ಬದ ಹೊಗೆಯ ಆ ಮಾತು ಮಗುವನ್ನು ಬಿಡಲಿಲ್ಲ. ಅಕ್ಕ ಗಂಡನ ಮನೆಗೆ, ಶ್ರೀರಾಂಪುರಕ್ಕೆ ಹೋದಳು. ಮಗು ನಡೆಯಿತು, ಮಾತಾಡಿತು, ಶಾಲೆಗೆ ಹೋಯಿತು. ಚಳಿ ಬಿದ್ದೊಡನೆ ಕೆಮ್ಮು. ಹೊಸ ಡಾಕ್ಟರು ಯಾರೇ ಆಗಲಿ ಹಳೆಯ ಫೈಲು ತೆರೆದು ‘ಹಬ್ಬದ ಹೊಗೆ’ ಓದಿ, ಅಲರ್ಜಿ ಎನ್ನುವರು. ಸಾಂಬ್ರಾಣಿ ಬಿಡಿ ಎಂದರು, ಬಿಟ್ಟೆವು. ಹತ್ತಿಯ ಹಾಸಿಗೆ ತೆಗೆಯಿರಿ ಎಂದರು, ತೆಗೆದೆವು. ಬೆಕ್ಕು ಇದೆಯೇ ಎಂದು ಒಬ್ಬರು ಕೇಳಿದರು. ಇರಲಿಲ್ಲ. “ಪಕ್ಕದ ಮನೇಲಿ?” ಎಂದರು. ಭಾವ ಪಕ್ಕದ ಮನೆಯ ಬೆಕ್ಕಿನ ವಿಷಯದಲ್ಲಿ ಜಗಳವಾಡಿದ್ದಕ್ಕೆ ಆ ಮನೆಯವರು ಇವತ್ತಿಗೂ ಮಾತಾಡುವುದಿಲ್ಲ. ನಾನು ಪ್ರತಿಸಲ ಜೊತೆಗೆ ಹೋಗಿ ಅಮೋನಿಯಾ ಎನ್ನುತ್ತಿದ್ದೆ. ಅವರು ನನ್ನನ್ನು ನೋಡಿ, ಫೈಲನ್ನು ನೋಡಿ, ಫೈಲನ್ನು ನಂಬುತ್ತಿದ್ದರು. ಹುಡುಗಿಗೆ ಖೋಖೋ ಹುಚ್ಚು. ಶಾಲೆಯಲ್ಲಿ ಆಡಿಸಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕು, ಅಲರ್ಜಿ ಹೋಗುವವರೆಗೆ ಯಾರೂ ಕೊಡಲೊಲ್ಲರು. ಇಲ್ಲದ ಅಲರ್ಜಿ ಹೋಗುವುದಾದರೂ ಹೇಗೆ?

ಅಷ್ಟರಲ್ಲಿ ಮಾಹಿತಿ ಹಕ್ಕಿನ ಕಾನೂನು ಬಂತು. ಪೇಪರಿನಲ್ಲಿ ಓದಿದ ದಿನವೇ ಅರ್ಜಿ ಹಾಕಿದೆ. ಅಪ್ಪ ಆಗ ತೀರಿಕೊಂಡಿದ್ದರು. ಮೊದಲ ಉತ್ತರ ಬಂತು: ಕೇಳಿದ ಮಾಹಿತಿ ಮೂರನೆಯವರಿಗೆ, ಅಂದರೆ ಫ್ಯಾಕ್ಟರಿಗೆ ಸಂಬಂಧಿಸಿದ್ದು, ಅವರ ಒಪ್ಪಿಗೆಯಿಲ್ಲದೆ ಕೊಡಲಾಗದು. ಫ್ಯಾಕ್ಟರಿ ಆಗಲೇ ಮುಚ್ಚಿ ಅಲ್ಲಿ ಕಲ್ಯಾಣಮಂಟಪ ಎದ್ದಿತ್ತು. ನಮ್ಮ ಟೆರೇಸಿನ ಅಂಕಿ ಎಂದು ತಿದ್ದಿ ಬರೆದೆ. ಎರಡನೆಯ ಉತ್ತರದಲ್ಲಿ ಅಂಕಿ ಬಂತು. ಆ ದಿನದ ಧೂಳು: ಮಿತಿಮೀರಿದ್ದು. ಆ ದಿನದ ಅನಿಲ: ಪತ್ತೆಯಾಗದಷ್ಟು ಕಡಿಮೆ. ಹಿಂದುಮುಂದಿನ ಯಾವ ದಿನದಲ್ಲೂ ಅಷ್ಟು ಶುದ್ಧವಾದ ಗಾಳಿ ನಮ್ಮ ಟೆರೇಸಿನ ಮೇಲೆ ಬೀಸಿರಲಿಲ್ಲ.

ಮೇಲ್ಮನವಿ ಹಾಕಿದೆ. ವಿಚಾರಣೆಯ ದಿನ ಅಕ್ಕನೂ ಬಂದಳು. ಮೇಜಿನ ಆ ಕಡೆ ಹೊಸ ಅಧಿಕಾರಿಣಿ, ಪಕ್ಕದಲ್ಲಿ ಬೆರಳಚ್ಚಿನವನು. ಯಂತ್ರ ನೋಡಿಕೊಂಡವರ ಹೇಳಿಕೆ ಬೇಕೆಂದು ಕರೆಸಿದ್ದರು. ಬಂದವನು ನಮ್ಮ ಟೆಕ್ನಿಷಿಯನ್. ಹೊಟ್ಟೆ ಬಂದಿತ್ತು, ಬಡ್ತಿಯೂ ಬಂದಿತ್ತು. ನನ್ನನ್ನು ಕಂಡು ಖುಷಿಯಿಂದ, “ಅಮ್ಮಾವ್ರು ಎಂಗವ್ರೆ?” ಎಂದ.

ಅಧಿಕಾರಿಣಿ ಗದರಿದರು. “ಅದೆಲ್ಲ ಆಮೇಲೆ. ಆ ದಿನ ಅನಿಲದ ಅಳತೆ ಮಾಡಿದ್ರಾ, ಇಲ್ವಾ?”

“ಇಲ್ಲ ಮೇಡಂ.”

“ಮತ್ತೆ ಪತ್ತೆಯಾಗದಷ್ಟು ಕಡಿಮೆ ಅಂತಿದೆ?”

“ಅಳೀದೆ ಎಂಗ್ ಪತ್ತೆ ಆಗ್ತದೆ ಮೇಡಂ? ಖಾಲಿ ಬುಟ್ರೆ ಬೆಂಗ್ಳೂರಿಂದ ವಾಪಸ್ ಕಳಿಸ್ತಾರೆ. ಅದ್ಕೇ ಅಂಗ್ ಬರ್ದೆ.”

“ಯಾಕೆ ಅಳೀಲಿಲ್ಲ? ಕರ್ತವ್ಯಲೋಪ ಆಗುತ್ತೆ, ಗೊತ್ತಾ?”

ಆ ಪದ ಕೇಳಿ ಅವನ ಮುಖ ಬೆವರಿತು. ಇಷ್ಟು ವರ್ಷದ ಸರ್ವೀಸಿಗೆ ಮಸಿ ಬಳಿಯುತ್ತಾರೆಂಬ ಭಯದಲ್ಲಿ, ಎದೆಯ ಮೇಲೆ ಕೈಯಿಟ್ಟು ಹೇಳಿದ:

“ನನ್ ತಪ್ಪೇನೂ ಇಲ್ಲ ಮೇಡಂ! ಡಬ್ಬಿ ತಗಂಡು ಐಸ್‌ಗೆ ಅಂತ ಫ್ಯಾಕ್ಟ್ರಿಗೇ ಹೋಗಿದ್ದೆ. ಅಲ್ಲಿ ಅಮೋನಿಯಾ ಪೈಪು ಒಡ್ದೋಗಿ ಗ್ಯಾಸು ಬೀದಿಗೆಲ್ಲ ನುಗ್ಬುಟ್ಟಿತ್ತು. ಐಸ್ ಕೊಡೋರೇ ಓಡೋದ್ರು. ಐಸ್ ಇಲ್ದೆ ಗ್ಯಾಸ್ ಅಳೆಯಂಗಿಲ್ಲ, ರೂಲ್ಸು.”

ಅಕ್ಕ ನನ್ನ ಕೈಯನ್ನು ಹಿಂಡಿದಳು. ಅಧಿಕಾರಿಣಿಗೆ ಬೇಕಾಗಿದ್ದದ್ದು ಕರ್ತವ್ಯಲೋಪವಿಲ್ಲದ ಒಂದು ಕಾರಣ. ಅದು ಸಿಕ್ಕ ಸಮಾಧಾನದಲ್ಲಿ ಅವರು ಬೆರಳಚ್ಚಿನವನಿಗೆ ನಿಧಾನವಾಗಿ ಹೇಳಿ ಬರೆಸಿದರು. ಆದೇಶ ಹೀಗಿತ್ತು: ಸದರಿ ದಿನದಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ ಅಮೋನಿಯಾ ಅನಿಲ ಸೋರಿಕೆಯುಂಟಾಗಿ, ಮಂಜುಗಡ್ಡೆ ಲಭ್ಯವಾಗದ ಪ್ರಯುಕ್ತ ಅನಿಲ ಮಾಪನ ಕೈಗೊಂಡಿರುವುದಿಲ್ಲ. ಆದಕಾರಣ ಸದರಿ ದಿನದಂದು ಸದರಿ ಬಡಾವಣೆಯಲ್ಲಿ ಅನಿಲ ಮಾಲಿನ್ಯ ಕಂಡುಬಂದಿರುವುದಿಲ್ಲ. ಮೇಲ್ಮನವಿ ವಜಾ.

“ನಿಮ್ಮ ಮನವಿ ವಜಾ ಆಗಿದೆ, ಗೊತ್ತಾಯ್ತಲ್ಲ?” ಎಂದು ಅಧಿಕಾರಿಣಿ ಮರುಕದಿಂದ ಹೇಳಿದರು. ನಾವು ಅಕ್ಕತಂಗಿಯರು ಅವರ ಮೇಜಿನ ಮೇಲೆ ಬಾಗಿ ಧನ್ಯವಾದ ಹೇಳಿ, ಮೊಹರು ಒಣಗುವುದಕ್ಕೂ ಕಾಯದೆ ಆ ಹಾಳೆಯನ್ನು ಎತ್ತಿಕೊಂಡೆವು. ಸೋತವರು ಇಷ್ಟು ಸಂತೋಷಪಟ್ಟದ್ದನ್ನು ಅವರು ಕಂಡಿರಲಾರರು.

ಮಕ್ಕಳ ಡಾಕ್ಟರು ಪ್ರಾಕ್ಟೀಸು ಬಿಟ್ಟು ಲಷ್ಕರ್ ಮೊಹಲ್ಲಾದ ಕಡೆ ಮಗನ ಕ್ಲಿನಿಕ್ಕಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಹುಡುಗಿಯನ್ನು ಕರೆದುಕೊಂಡು ಹೋದೆ. ಆದೇಶವನ್ನು ಎರಡು ಸಲ ಓದಿದರು. ಎರಡನೆಯ ಸಲ ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನ ಬರೆದೋರು ಪೂರ್ತಿ ಓದಿದಾರೇನಮ್ಮ?”

“ಓದಿದ್ರೆ ಕೊಡ್ತಿರಲಿಲ್ಲ ಸಾರ್.”

ಹಳೆಯ ಹಾಳೆಯಲ್ಲಿ ‘ಹಬ್ಬದ ಹೊಗೆ’ಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಅಮೋನಿಯಾ ಎಂದು ಬರೆದು, ಸಹಿ ಹಾಕಿದರು. ಅಕ್ಷರ ದೊಡ್ಡದಾಗಿತ್ತು. ಅವರ ಮಗ, ಎದೆಯ ಡಾಕ್ಟರು, ಹುಡುಗಿಯಿಂದ ಯಂತ್ರವೊಂದಕ್ಕೆ ಊದಿಸಿ ನೋಡಿದರು. ಅಲರ್ಜಿ ಅಲ್ಲ, ಹಳೆಯ ಗಾಯ, ಪೂರ್ತಿ ಹೋಗುವುದಿಲ್ಲ, ಆದರೆ ಇಷ್ಟು ವರ್ಷ ತಿಂದ ಮಾತ್ರೆ ಇದಕ್ಕಲ್ಲ ಎಂದರು. ಬೇರೆ ಔಷಧಿ ಬರೆದುಕೊಟ್ಟರು. ಖೋಖೋ ಆಡಬಹುದು, ಏದುಸಿರು ಬಂದರೆ ಕೂರಬೇಕು, ನಾಚಿಕೆ ಪಡಬಾರದು ಎಂದು ಅವಳಿಗೇ ಹೇಳಿದರು.

ಬಸ್ ನಿಲ್ದಾಣಕ್ಕೆ ನಡೆದು ಬರುವಾಗ ಹುಡುಗಿ ನನ್ನ ಕೈಯಿಂದ ಆದೇಶದ ಹಾಳೆ ಇಸಿದುಕೊಂಡು ಓದುತ್ತಾ ಬಂದಳು. ಮನೆಯಲ್ಲಿ ಆ ದಿನದ ಮಾತನ್ನು ಅವಳ ಮುಂದೆ ಆಡುವಂತಿರಲಿಲ್ಲ, ಅಮ್ಮ ಬಿಡುತ್ತಿರಲಿಲ್ಲ. ಅವಳು ಎಲ್ಲ ಕೇಳಿಸಿಕೊಂಡದ್ದು ಅವತ್ತೇ ಮೊದಲು.

“ಚಿಕ್ಕಮ್ಮ, ನನ್ನ ಎತ್ಕೊಂಡು ಓಡಿದ್ದು ಯಾರು?”

“ನಾ ಕಣೇ.”

“ನೀನಾ? ಬಸ್ ಹೊರಟ್ರೂ ಓಡಲ್ಲ ನೀನು! ಇನ್ನೊಂದು ಬರತ್ತೆ ಅಂತೀಯ!”

ಅವಳಿಗೆ ಅದು ತುಂಬ ತಮಾಷೆಯಾಗಿ ಕಂಡಿತು. ಫುಟ್‌ಪಾತಿನ ಮೇಲೆಯೇ ನಿಂತು ನಕ್ಕಳು. ನಗುತ್ತಾ ನಗುತ್ತಾ ಕೆಮ್ಮು ಬಂತು. ಬಾಗಿ, ಮೊಣಕಾಲಿನ ಮೇಲೆ ಕೈಯಿಟ್ಟು ಕೆಮ್ಮಿದಳು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟು, ಉಸಿರು ಒಳಗೆ ಹೋಗುವುದಕ್ಕೆ ಕಾಯುತ್ತಾ ನಿಂತೆ. ನಮ್ಮ ಬಸ್ಸು ಬಂತು, ನಿಂತಿತು, ಹೊರಟಿತು. ಉಸಿರು ಬಂತು.

“ಹೋಯ್ತಲ್ಲ ಬಸ್ಸು!” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

“ಹೋಗ್ಲಿ ಬಿಡು” ಎಂದೆ. ಕೈ ತೆಗೆಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.